ಐದರೊಳಗೆ ಮೂಲ ಕಡತ

ಅರ್ಜಿಯಲ್ಲಿ ಆ ಒಂದು ಪದ ಇರದಿದ್ದರೆ ಕಡತರಾಯನ ಆ ಶುಕ್ರವಾರ ಉಳಿದ ಶುಕ್ರವಾರಗಳ ಹಾಗೆಯೇ ಆಕಳಿಸುತ್ತಾ ಕಳೆದುಹೋಗುತ್ತಿತ್ತು. ಆದರೆ ಪದ ಇತ್ತು. ಮನೆ ತುಂಬ ನೆಂಟರಿರುವಾಗ, ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ ದಪ್ಪ ಮೀಸೆಯವನೊಬ್ಬ ಮುಂದಿನ ಕುರ್ಚಿ ಹಿಡಿದು ಕೂತಿರುತ್ತಾನಲ್ಲ, ಹಾಗೆ ಎರಡನೆಯ ಪುಟದ ನಟ್ಟನಡುವೆ ಕೂತಿತ್ತು: ಸರ್ಷಿಯೋರರಿ.

ಕಡತರಾಯ ಎಂಬುದು ಅವನ ನಿಜವಾದ ಹೆಸರಲ್ಲ. ನೀರು ಸರಬರಾಜು ಕಚೇರಿಯ ನೆಲಮಹಡಿಯ ರೆಕಾರ್ಡ್ ರೂಮಿನಲ್ಲಿ ಹದಿನಾರು ವರ್ಷ ಕಡತಗಳಿಗೆ ದಾರ ಕಟ್ಟುತ್ತಾ, ಬಿಚ್ಚುತ್ತಾ, ಮತ್ತೆ ಕಟ್ಟುತ್ತಾ ಬಂದವನಿಗೆ ಸಹೋದ್ಯೋಗಿಗಳು ಕೊಟ್ಟ ಹೆಸರು. ಸಿಟ್ಟು ಬಂದ ದಿನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಬೆಳಗ್ಗೆ ಹತ್ತೂ ಐದಕ್ಕೆ ಮ್ಯಾನೇಜರರಿಗೂ ಮೇಲಿನ ಅಧಿಕಾರಿಯಾದ ಮೇಡಂ ಅವರ ಜವಾನ ಮೇಲಿನ ಮಹಡಿಯಿಂದ ಬಂದು ಅವನ ಮೇಜಿನ ಮೇಲೆ ಒಂದು ಚೀಟಿ ಇಟ್ಟ. ಕಡತರಾಯ ಕನ್ನಡಕ ಏರಿಸಿ ಓದಿದ. 'ರೆಕಾರ್ಡ್ ಶಾಖೆಯ ಗುಮಾಸ್ತರ ಮೇಲ್ಮನವಿಯ ಸಂಬಂಧ, ರೆಕಾರ್ಡ್ ಶಾಖೆಯ ಗುಮಾಸ್ತರ ಮೇಲೆ ನಡೆದ ವಿಚಾರಣೆಯ ಮೂಲ ಕಡತವನ್ನು, ರೆಕಾರ್ಡ್ ಶಾಖೆಯ ಗುಮಾಸ್ತರು ಇಂದು ಸಂಜೆ ಐದರೊಳಗೆ ಖುದ್ದಾಗಿ ಹಾಜರುಪಡಿಸತಕ್ಕದ್ದು.'

ಮೂವರು ಗುಮಾಸ್ತರೂ ತಾನೇ ಎಂದು ಅರಿವಾಗಲು ಅವನಿಗೆ ಅರ್ಧ ನಿಮಿಷ ಬೇಕಾಯಿತು.

"ನಾಳೆ ಕೊಟ್ರೆ ಆಗಲ್ವಾ?" ಅಂದ.

"ಐದು ಅಂದ್ರೆ ಐದು ರಾಯ್ರೇ," ಅಂದ ಜವಾನ. "ಐದೂ ಒಂದಕ್ಕೆ ಮೇಡಂ ಕೈಚೀಲ ತಗೊಂಡು ಎದ್ದುಬಿಡ್ತಾರೆ. ಆಮೇಲೆ ಬ್ರಹ್ಮ ಬಂದು ನಿಂತ್ರೂ ಸೋಮವಾರವೇ."

ಸೋಮವಾರ ಎಂಬ ಮಾತು ಕಿವಿಗೆ ಬಿದ್ದೊಡನೆ ಕಡತರಾಯ ಕುರ್ಚಿ ಬಿಟ್ಟು ಎದ್ದ. ಸೋಮವಾರ ಅವನು ಇಲ್ಲಿ ಇರುವ ಹಾಗೇ ಇರಲಿಲ್ಲ.

ನಡೆದದ್ದು ಇಷ್ಟು. ತಿಂಗಳ ಹಿಂದೆ ಹಿಂದಿನ ಬೀದಿಯಲ್ಲಿ ರಸ್ತೆ ಅಗೆಯುವವರು ಪೈಪಿನ ನಕ್ಷೆ ಕೇಳಿದರು. ರೆಕಾರ್ಡ್ ರೂಮಿನಲ್ಲಿ ನಕ್ಷೆ ಇರಲಿಲ್ಲ. ಅಗೆಯುವವರು ಅಂದಾಜಿನ ಮೇಲೆ ಗುದ್ದಲಿ ಹಾಕಿದರು. ದೊಡ್ಡ ಪೈಪು ಒಡೆದು, ಆನೆ ಸೊಂಡಿಲೆತ್ತಿದ ಹಾಗೆ ನೀರು ಚಿಮ್ಮಿ, ಎದುರಿನ ಕ್ಷೌರದಂಗಡಿಗೆ ನೇರವಾಗಿ ನುಗ್ಗಿತು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೊಬ್ಬ ಬಿಳಿ ಬಟ್ಟೆ ಹೊದ್ದುಕೊಂಡೇ ಎರಡು ಬೀದಿ ಓಡಿದ. ಅವನು ಯಾರೋ ದೊಡ್ಡವರ ಭಾವಮೈದ. ಮ್ಯಾನೇಜರರು ವಿಚಾರಣೆ ನಡೆಸಿದರು. ನಕ್ಷೆ ಕಳೆದವನು ಗುಮಾಸ್ತ ಎಂದು ತೀರ್ಮಾನವಾಯಿತು. ಶಿಕ್ಷೆ: ಎರಡು ವರ್ಷದ ಮಟ್ಟಿಗೆ ಹಳೇ ಉಗ್ರಾಣದ ಕಚೇರಿಗೆ ವರ್ಗ. ಬಸ್ಸಿನಲ್ಲಿ ಏಳು ಗಂಟೆ ದಾರಿ. ಅಲ್ಲಿ ಕಡತಗಳಿಗಿಂತ ಪಾರಿವಾಳಗಳು ಹೆಚ್ಚು. ಪಾರಿವಾಳಗಳಿಗಿಂತ ಅವು ಬಿಟ್ಟುಹೋದದ್ದು ಹೆಚ್ಚು. ಹೋದ ಯಾರೂ ಆರು ತಿಂಗಳ ಮೇಲೆ ನಿಂತದ್ದಿಲ್ಲ.

ಪಾರಿವಾಳಕ್ಕೆ ಹೆದರುವವನಲ್ಲ ಕಡತರಾಯ. ಅವನ ಹೆಂಡತಿ ಊರಿನ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿ ಇದ್ದ ದಿನ ಆರಕ್ಕೇ ಮನೆ ಬಿಡುತ್ತಾಳೆ. ಎಂಟು ವರ್ಷದ ಅವಳಿ ಹೆಣ್ಣುಮಕ್ಕಳಿಗೆ ತಲೆ ಬಾಚಿ, ತಲೆಗೆರಡರಂತೆ ನಾಲ್ಕು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಶಾಲೆಗೆ ಬಿಡುವವನು ಅವನೇ. ಕಡತಕ್ಕೆ ದಾರ ಕಟ್ಟಿ ಕಟ್ಟಿ ಪಳಗಿದ ಕೈ. ಅವನು ಹಾಕಿದ ಜಡೆ ಸಂಜೆಯವರೆಗೆ ಒಂದೆಳೆ ಬಿಚ್ಚದು. ಅವನು ಏಳು ಗಂಟೆ ದೂರಕ್ಕೆ ಹೋದರೆ ಆ ಮನೆ ಹೇಗೆ ನಡೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಅದಕ್ಕೇ ಮೇಲ್ಮನವಿ.

ಮೇಲ್ಮನವಿ ಬರೆದುಕೊಟ್ಟವರು ಅರ್ಜಿತಾತ. ಮೂವತ್ತು ವರ್ಷ ಕೋರ್ಟಿನಲ್ಲಿ ಜಡ್ಜಿಯ ಕೆಳಗೆ ಕೂತು ಕಾಗದ ಎತ್ತಿಕೊಟ್ಟು, ನಿವೃತ್ತರಾದ ಮೇಲೆ ಈ ಕಚೇರಿಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡವರು. ಕಡತರಾಯ ಚೀಟಿ ಹಿಡಿದು ಅಲ್ಲಿಗೆ ಓಡಿದ.

"ತಾತ, ದಯೆ ತೋರಿಸಿ ಅಂತ ಬರೀರಿ ಅಂದಿದ್ದೆ. ನೀವೇನು ಬರೆದ್ರಿ?"

ತಾತ ಚೀಟಿ ಓದಿ ಮುಖ ಅರಳಿಸಿದರು. "ಭೇಷ್! ತರಿಸ್ತಿದ್ದಾರೆ ನೋಡು! ದಯೆ ಅಂತ ಬರೆದಿದ್ರೆ ಬುಟ್ಟಿಗೆ ಹೋಗ್ತಿತ್ತು. ಸರ್ಷಿಯೋರರಿ ಅಂತ ಹಾಕಿದೆ. ಮೇಡಂ ಎದ್ದು ಕೂತ್ರು."

"ಅದು ಏನು, ಕಾಯಿಲೆಯಾ?"

"ಹಳೇ ಕಾಲದ ಪರದೇಶದ ಮಾತು ಕಣಯ್ಯಾ. ನನಗೆ ಖಚಿತ ಆಗಬೇಕು ಅಂತ ಅರ್ಥ. ಮೇಲಿನ ಕೋರ್ಟು ಕೆಳಗಿನ ಕೋರ್ಟಿಗೆ ಹೇಳುತ್ತೆ, ನೀನು ಹ್ಯಾಗೆ ತೀರ್ಪು ಕೊಟ್ಟೆ ಅಂತ ಬಾಯಲ್ಲಿ ಹೇಳಬೇಡ, ಕಡತ ಕಳಿಸು, ನಾನೇ ನೋಡ್ಕೋತೀನಿ. ಮಗು ಸಕ್ಕರೆ ತಿಂದಿಲ್ಲ ಅಂತ ಆಣೆ ಮಾಡಿದಾಗ ತಾಯಿ ಏನಂತಾಳೆ? ಆಣೆ ಬೇಡ, ನಾಲಿಗೆ ಚಾಚು ಅಂತಾಳೆ. ಅಷ್ಟೇ. ಇದು ಮ್ಯಾನೇಜರ್ ನಾಲಿಗೆ ಚಾಚಿಸೋದು."

"ನಾನು ಹೋಗಿ ಮಕ್ಕಳ ವಿಷಯ ಹೇಳಿದ್ರೆ ಕೇಳ್ತಾರಾ?"

"ಕೇಳಲ್ಲ. ಹೊಸ ಸಾಕ್ಷಿ ಇಲ್ಲ, ಅಳೋದಿಲ್ಲ, ಕಾಲು ಹಿಡಿಯೋದಿಲ್ಲ. ಕೋರ್ಟಿನಲ್ಲೂ ಹಾಗೇ. ಇದೇನು ಮತ್ತೆ ಮೊದಲಿಂದ ವಿಚಾರಣೆ ಅಲ್ಲ. ಕೆಳಗಿನೋನು ದಾರಿ ತಪ್ಪಿದ್ದಾನಾ, ಅದು ಕಡತದ ಮುಖದ ಮೇಲೆ ಎದ್ದು ಕಾಣುತ್ತಾ, ಅಷ್ಟೇ ನೋಡೋದು. ಕಂಡ್ರೆ ರದ್ದು. ಕಾಣದಿದ್ರೆ ಸೋಮವಾರ ನಿನಗೆ ಪಾರಿವಾಳ." ತಾತ ನಶ್ಯ ಏರಿಸಿ ಸೀನಿದರು. "ಹೋಗು, ಕಡತ ತಗೊಂಡು ಬಾ. ಅದಕ್ಕೇನು ಕಷ್ಟ? ಇರೋದು ನಿನ್ನ ಕೈಯಲ್ಲೇ ಅಲ್ವಾ?"

ಕಷ್ಟ ಇದ್ದದ್ದು ಅಲ್ಲೇ.

ಮುಗಿದ ಕಡತಗಳೆಲ್ಲ ರೆಕಾರ್ಡ್ ರೂಮಿಗೆ ಬರಬೇಕೆಂಬುದು ನಿಯಮ. ಹಾಗೆ ಮೂರು ವಾರದ ಹಿಂದೆ ತನ್ನ ಶಿಕ್ಷೆಯ ಕಡತವನ್ನು ತಾನೇ ರುಜು ಹಾಕಿ ಬರಮಾಡಿಕೊಂಡಿದ್ದ ಕಡತರಾಯ. ಅದನ್ನು ಬಿಚ್ಚಿ ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಬೇರೆ ಯಾರಾದರೂ ಬಿಚ್ಚಿ ನೋಡಿ ನಕ್ಕಾರೆಂಬ ಭಯವಂತೂ ಬಿಟ್ಟಿರಲಿಲ್ಲ. ಮೊದಲು ಏಳನೆಯ ಕಪಾಟಿನಲ್ಲಿ ಇಟ್ಟ. ಟೈಪಿಸ್ಟು ಆ ಕಡೆ ಸುಳಿದಳೆಂದು ಹನ್ನೆರಡಕ್ಕೆ ಸಾಗಿಸಿದ. ಮೀಟರ್ ಇನ್ಸ್‌ಪೆಕ್ಟರು ಹನ್ನೆರಡಕ್ಕೆ ಒರಗಿ ನಿಂತನೆಂದು ಕೆಡವಿದ ಮನೆಗಳ ನಲ್ಲಿ ಕಡತಗಳ ಗಂಟಿಗೆ ತುರುಕಿದ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತುವ ಬೆಕ್ಕಿನ ಹಾಗೆ ದಿನಕ್ಕೊಂದು ಕಡೆ ಇಟ್ಟು, ಇಟ್ಟು, ಬುಧವಾರ ಎಲ್ಲಿಟ್ಟೆ ಎಂಬುದು ಅವನಿಗೇ ಮರೆತುಹೋಗಿತ್ತು.

ಹನ್ನೊಂದಕ್ಕೆ ಏಣಿ ಹತ್ತಿದ. ಹನ್ನೆರಡಕ್ಕೆ ಏಣಿ ಇಳಿದ. ಇಳಿದ ಎನ್ನುವುದಕ್ಕಿಂತ ಬಂದ. ಜೊತೆಗೆ ಹದಿನಾಲ್ಕನೆಯ ಕಪಾಟಿನ ಎರಡು ಹಲಗೆಗಳೂ ಬಂದವು. ಧೂಳು ಎದ್ದು ಬಾಗಿಲಿನಿಂದ ಹೊರಗೆ ಹೋಯಿತು. ಬೆಂಕಿಯೆಂದುಕೊಂಡು ಟೈಪಿಸ್ಟಕ್ಕ, ಹಿಂದೆಯೇ ಮೀಟರ್ ಇನ್ಸ್‌ಪೆಕ್ಟರು, ಕೈಯಲ್ಲಿ ಚಹಾದ ಲೋಟ ಹಿಡಿದೇ ಓಡಿಬಂದರು.

ಕಾಗದದ ಗುಡ್ಡೆಯ ಮೇಲೆ ಕಡತರಾಯನ ತಲೆ ಮಾತ್ರ ಕಾಣುತ್ತಿತ್ತು. ಅದು ನಿಜ ಹೇಳಿಬಿಟ್ಟಿತು.

"ಅಯ್ಯೋ ಆ ಕಡತವಾ!" ಅಂದಳು ಟೈಪಿಸ್ಟಕ್ಕ. "ಅದನ್ನ ನನ್ನಿಂದ ಬಚ್ಚಿಟ್ರಾ? ಅದನ್ನ ಟೈಪ್ ಮಾಡಿದ್ದೇ ನಾನಲ್ವಾ ರಾಯ್ರೇ! ಮೂರು ಪ್ರತಿ ತೆಗೆದಿದ್ದೀನಿ. ಊಟದ ಹೊತ್ತಲ್ಲಿ ಎಲ್ಲರಿಗೂ ಓದಿ ಹೇಳಿದ್ದೀನಿ."

"ಎರಡು ಸಲ," ಅಂದ ಇನ್ಸ್‌ಪೆಕ್ಟರು. "ಆ ಅರ್ಧ ಗಡ್ಡದ ಭಾಗ ಮತ್ತೆ ಕೇಳಿದ್ವಿ."

ಕಡತರಾಯ ಕಾಗದದೊಳಗೆ ಇನ್ನೂ ಸ್ವಲ್ಪ ಇಳಿದ.

ಆಮೇಲೆ ಸಲಹೆಗಳು ಶುರುವಾದವು. "ಹುಡುಕೋದೇ ಬೇಡ ರಾಯ್ರೇ," ಅಂದ ಇನ್ಸ್‌ಪೆಕ್ಟರು, ಮುರಿದ ಹಲಗೆಯ ಮೇಲೆ ಕೂತು. "ಯೋಚನೆ ಮಾಡಿ. ಕಡತ ನೋಡಿ ತಾನೇ ಮೇಡಂ ತೀರ್ಮಾನ ಮಾಡೋದು? ಕಡತವೇ ಇಲ್ಲ ಅಂದ್ರೆ?"

ಅದನ್ನು ಕೇಳಿಕೊಂಡು ಬರಲು ಕಡತರಾಯ ಮತ್ತೆ ಮೆಟ್ಟಿಲ ಕೆಳಗೆ ಓಡಿದ. "ಹೌದು," ಅಂದರು ತಾತ. "ಕಡತ ಇಲ್ಲದಿದ್ರೆ ಆಜ್ಞೆಗೆ ಕಾಲೇ ಇಲ್ಲ. ಬಿದ್ದುಹೋಗುತ್ತೆ. ನೂರಕ್ಕೆ ತೊಂಬತ್ತು." ಕಡತರಾಯ ಕುಣಿಯುತ್ತಾ ಹಿಂದಿರುಗಿದ.

"ಗೆದ್ದೆ! ಸಿಗಲಿಲ್ಲ ಅಂತ ಬರೆದುಕೊಡ್ತೀನಿ!"

"ಬರೆದುಕೊಡಿ," ಅಂದಳು ಟೈಪಿಸ್ಟಕ್ಕ, ಚಹಾ ಹೀರುತ್ತಾ. "ಆದ್ರೆ ನಿಮ್ಮ ಮೇಲೆ ಆರೋಪ ಏನಿತ್ತು?"

"ನಕ್ಷೆ ಕಳೆದೆ ಅಂತ."

"ನೀವು ಮೇಲ್ಮನವಿಯಲ್ಲಿ ಏನು ಬರೆಸಿದ್ರಿ?"

"ಹದಿನಾರು ವರ್ಷದಲ್ಲಿ ಒಂದು ಕಾಗದ ಕೂಡ ಕಳೆದಿಲ್ಲ ಅಂತ."

"ಈಗ ಏನು ಬರೆದುಕೊಡ್ತೀರಿ?"

ಕಡತರಾಯ ನಿಧಾನವಾಗಿ ಅದೇ ಕಾಗದದ ಗುಡ್ಡೆಯ ಮೇಲೆ ಕೂತ. ಕಡತ ಸಿಕ್ಕರೆ ಮ್ಯಾನೇಜರರ ತೀರ್ಪು ಓದಿ ಮೇಡಂ ಕಳಿಸುತ್ತಾರೆ. ಸಿಗದಿದ್ದರೆ ತೀರ್ಪು ಓದದೆಯೇ ಕಳಿಸುತ್ತಾರೆ. ಒಂದು ಕಡೆ ಗೋಡೆ, ಇನ್ನೊಂದು ಕಡೆಯೂ ಗೋಡೆ; ನಡುವೆ ಇವನು, ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಹಾಗೆ.

ಆಗಲೇ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಏನಾಯ್ತು? ಮೇಲಿಂದ ಏನಾದ್ರೂ ಹೇಳಿ ಕಳಿಸಿದ್ರಾ?"

"ಕಡತ ತರೋಕೆ ಹೇಳಿದ್ದಾರೆ."

"ಕೊಟ್ಟು ಬನ್ನಿ ಮತ್ತೆ. ಅದರಲ್ಲೇನಿದೆ?"

"ಅದು... ಸ್ವಲ್ಪ ಒಳಗಿದೆ."

"ಎಲ್ಲಿ ಒಳಗೆ?"

"ಅದೇ ಗೊತ್ತಾಗ್ತಿಲ್ಲ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಕಡತರಾಯ್ರೇ," ಅಂದಳು ಅವಳು, "ನನ್ನ ಪಾಳಿ ಇವತ್ತು ಎಂಟರವರೆಗೆ. ಮಕ್ಕಳನ್ನ ಪಕ್ಕದ ಮನೆ ಅಜ್ಜಿ ಕರ್ಕೊಂಡು ಬರ್ತಾರೆ, ಆ ಚಿಂತೆ ಬೇಡ. ನೀವು ಆ ರೂಮಿನಿಂದ ಬರಿಗೈಲಿ ಮಾತ್ರ ಹೊರಗೆ ಬರಬೇಡಿ."

ಎರಡಾಯಿತು. ಮೂರಾಯಿತು. ಟೈಪಿಸ್ಟಕ್ಕ ಸೆರಗು ಸಿಕ್ಕಿಸಿ ಕೆಳಗಿನ ಸಾಲು ಹಿಡಿದಳು. ಇನ್ಸ್‌ಪೆಕ್ಟರು ಮೇಲಿನ ಸಾಲು. ಯಾರದೋ ಹತ್ತು ವರ್ಷದ ಹಿಂದಿನ ಊಟದ ಡಬ್ಬಿ ಸಿಕ್ಕಿತು. ಒಂದೇ ಕಾಲಿನ ಚಪ್ಪಲಿ ಸಿಕ್ಕಿತು. ಇನ್ಸ್‌ಪೆಕ್ಟರು ತಾನು ನೌಕರಿಗೆ ಸೇರುವಾಗ ಕೊಟ್ಟ ಫೋಟೋ ಸಿಕ್ಕಿ, ಆಗ ತಲೆ ತುಂಬ ಕೂದಲಿತ್ತೆಂದು ಎಲ್ಲರಿಗೂ ತೋರಿಸಿ ಹತ್ತು ನಿಮಿಷ ಹಾಳು ಮಾಡಿದ. ಕಡತ ಮಾತ್ರ ಇಲ್ಲ. ಕಡತರಾಯ ಗಡಿಯಾರ ನೋಡುವುದು, ಬಾಗಿಲು ನೋಡುವುದು, ನೋಡಿದ ಕಪಾಟನ್ನೇ ಮತ್ತೆ ನೋಡುವುದು. ಕಾಲಡಿಯ ನೆಲ ಕಾದ ಹೆಂಚಾದ ಹಾಗೆ ಒಂದು ಕಡೆ ನಿಲ್ಲಲೊಲ್ಲ.

"ಬುಧವಾರ ನಾನು ದಾರ ಕೇಳೋಕೆ ಬಂದಿದ್ದೆ," ಅಂದಳು ಟೈಪಿಸ್ಟಕ್ಕ ಇದ್ದಕ್ಕಿದ್ದಂತೆ. "ಬಾಗಿಲು ತಳ್ಳಿದೆ. ನೀವು ಆ ಮೂಲೆಯಿಂದ ಎದ್ದು ಬಂದ್ರಿ, ಮುಖ ಎಲ್ಲ ಕೆಂಪಗೆ. ಹೊಟ್ಟೆನೋವೇನೋ ಅಂದ್ಕೊಂಡೆ."

"ಯಾವ ಮೂಲೆ?"

"ಯಾರು ನೋಡಿದ್ರು? ದಾರ ಸಿಕ್ತು, ಹೋದೆ."

ಇನ್ಸ್‌ಪೆಕ್ಟರು ಹಣೆ ತಟ್ಟಿಕೊಂಡು ಎದ್ದ. "ರಾಯ್ರೇ, ನಿಮ್ಮ ತಲೆಗೆ ಮರೆತಿರಬಹುದು. ಕೈಗೆ ಮರೆತಿರಲ್ಲ. ಇಲ್ಲಿ ನಿಲ್ಲಿ. ಇದನ್ನ ಹಿಡ್ಕೊಳ್ಳಿ." ಯಾವುದೋ ಹಳೆಯ ಕಡತವನ್ನು ಅವನ ಕೈಗೆ ತುರುಕಿ, ಹೊರಗೆ ಹೋಗಿ ಬಾಗಿಲು ಹಾಕಿಕೊಂಡ.

ಒಂದು ನಿಮಿಷ ಏನೂ ಆಗಲಿಲ್ಲ. ಕಡತರಾಯ ಕಡತ ಹಿಡಿದು ನಿಂತೇ ಇದ್ದ. "ಇದೆಂಥ ಹುಚ್ಚಾಟ," ಎಂದು ಅವನು ಟೈಪಿಸ್ಟಕ್ಕನ ಕಡೆ ತಿರುಗುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. "ಕಡತರಾಯ್ರೇ!" ಎಂದು ಮ್ಯಾನೇಜರರ ಗಂಟಲಿನಲ್ಲೇ ಗುಡುಗಿದ ಇನ್ಸ್‌ಪೆಕ್ಟರು.

ಕಡತರಾಯನಿಗೆ ಮುಂದಿನದು ತಿಳಿಯಲೇ ಇಲ್ಲ. ಕಾಲು ತಾನಾಗಿ ಓಡಿತು, ಮೊಣಕಾಲು ತಾನಾಗಿ ಮಡಚಿತು, ಕೈ ತಾನಾಗಿ ಕಿಟಕಿಯಿಲ್ಲದ ಗೋಡೆಯ ಮೂಲೆಯಲ್ಲಿದ್ದ, ನೀರಿನ ಕೆಟ್ಟ ಮೀಟರುಗಳು ತುಂಬಿದ ಮರದ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಇಳಿಯಿತು. ಬೆರಳಿಗೆ ಅಲ್ಲಿ ಇನ್ನೊಂದು ಕಡತ ತಾಗಿತು.

"ಸಿಕ್ತು!" ಎಂದು ಮೂವರೂ ಒಟ್ಟಿಗೆ ಕೂಗಿದರು.

ಆಗ ನಾಲ್ಕೂ ಇಪ್ಪತ್ತು.

ಮೂಲ ಕಡತ ಸುಮ್ಮನೆ ಮೇಲೆ ಹೋಗುವಂತಿಲ್ಲ. ಪುಟಕ್ಕೆ ಪುಟ ಅಂಕಿ ಹಾಕಿ, ಇಷ್ಟು ಪುಟ ಇವೆ, ಏನೂ ತೆಗೆದಿಲ್ಲ, ಏನೂ ಸೇರಿಸಿಲ್ಲ ಎಂದು ಕೊನೆಗೆ ಬರೆದು ರುಜು ಹಾಕಬೇಕು. ಕಡತರಾಯ ಮೊದಲ ಸಲ ತನ್ನ ಕಡತದ ದಾರ ಬಿಚ್ಚಿದ. ಒಂದು, ಎರಡು, ಮೂರು. ಕ್ಷೌರಿಕನ ಹೇಳಿಕೆ. ಅರ್ಧ ಗಡ್ಡದವನ ಹೇಳಿಕೆ. ಹದಿನಾಲ್ಕರಲ್ಲಿ ಟೈಪಾದ ಆಜ್ಞೆ. ಹದಿನೈದರಲ್ಲಿ ಮ್ಯಾನೇಜರರು ಕೈಯಲ್ಲಿ ಬರೆದ ಕರಡು: 'ಸದರಿ ನಕ್ಷೆಯು ಗುಮಾಸ್ತರ ನಿರ್ಲಕ್ಷ್ಯದಿಂದ ಕಳೆದುಹೋಗಿದ್ದು, ಎಲ್ಲಿಯೂ ದೊರೆಯದೇ ಇರುವುದು ಸಾಬೀತಾಗಿದೆ.' ಕಾಗದ ದಪ್ಪಗಿತ್ತು, ನಾಲ್ಕು ಮಡಿಕೆ. ಹದಿನಾರು ಎಂದು ಬರೆಯಲು ಅದನ್ನು ಬಿಡಿಸಿ ಮಗುಚಿದ.

ನೀಲಿ ಗೆರೆಗಳು. ಹಿಂದಿನ ಬೀದಿ. ದೊಡ್ಡ ಪೈಪು. ಒಂದು ಸಣ್ಣ ಚೌಕದೊಳಗೆ 'ಕ್ಷೌರದಂಗಡಿ'.

ಮೂರು ತಲೆಗಳೂ ಕಾಗದದ ಮೇಲೆ ಬಾಗಿದವು.

"ನಕ್ಷೆ ಕಳೆದಿದೆ ಅಂತ," ಅಂದ ಇನ್ಸ್‌ಪೆಕ್ಟರು ನಿಧಾನವಾಗಿ, "ನಕ್ಷೆ ಮೇಲೇ ಬರೆದಿದ್ದಾರೆ."

ಹೇಗಾಯಿತೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಒಂದು ಬದಿ ಖಾಲಿ ಇರುವ ಯಾವ ಕಾಗದವನ್ನೂ ಪೋಲು ಮಾಡಬಾರದು, ಕರಡೆಲ್ಲ ಹಳೆಯ ಕಾಗದದ ಬೆನ್ನಿನಲ್ಲೇ ಬರೆಯಬೇಕು ಎಂಬುದು ಆ ಕಚೇರಿಯ ಶಿಸ್ತು. ಸುತ್ತೋಲೆ ಹೊರಡಿಸಿದವರೂ ಮ್ಯಾನೇಜರರೇ. ಯಾವತ್ತೋ ನೋಡಲೆಂದು, ಗುಮಾಸ್ತನಿಗೆ ಹೇಳದೆ ತಾವೇ ತರಿಸಿಕೊಂಡ ನಕ್ಷೆ ಅವರ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಬೆನ್ನು ಖಾಲಿ ಇತ್ತು.

"ಟೈಪ್ ಮಾಡುವಾಗ ನೀವು ನೋಡಲಿಲ್ವೇನಕ್ಕಾ?" ಅಂದ ಕಡತರಾಯ, ಅಳುವ ದನಿಯಲ್ಲಿ.

"ನನ್ನ ಕೆಲಸ ಮುಂದಿರೋದನ್ನ ಟೈಪ್ ಮಾಡೋದು. ಹಿಂದೆ ಏನಿದೆ ಅಂತ ಮಗುಚಿ ನೋಡೋಕೆ ನಾನೇನು ದೋಸೆ ಹುಯ್ತಿದ್ನಾ?"

ಸುದ್ದಿ ಕೇಳಿ ಅರ್ಜಿತಾತ ಊರುಗೋಲು ಮರೆತು ಒಳಗೆ ಬಂದರು. ಕಾಗದವನ್ನು ಎರಡು ಬದಿಯೂ ನೋಡಿ ಕಣ್ಣು ಒರೆಸಿಕೊಂಡರು. "ತಪ್ಪು ಕಡತದ ಮುಖದ ಮೇಲೆ ಕಾಣಬೇಕು ಅಂದಿದ್ದೆ. ಇದು ಮುಖ, ಬೆನ್ನು, ಎರಡೂ ಕಡೆ ಕಾಣ್ತಿದೆ ಕಣಪ್ಪಾ! ಮೂವತ್ತು ವರ್ಷದಲ್ಲಿ ಇಂಥ ಕಡತ ನೋಡಿರಲಿಲ್ಲ. ಓಡು!"

ಕಡತರಾಯ 'ಒಟ್ಟು ಹದಿನಾರು ಪುಟಗಳು' ಎಂದು ಬರೆದು ರುಜು ಹಾಕಿದ. ದಾರ ಕಟ್ಟಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಜವಾದ ಮ್ಯಾನೇಜರರ ದನಿ ಕೇಳಿಸಿತು. "ಕಡತರಾಯ್ರೇ!"

ಕೈ ಮತ್ತೆ ತನ್ನ ಕೆಲಸ ತಾನು ಮಾಡಿತು. ಎಲ್ಲರೂ ನೋಡುತ್ತಿದ್ದಂತೆ ಕಡತ ಅಂಗಿಯೊಳಗೆ ಹೋಯಿತು.

"ಕಡತ ಸಿಕ್ತಾ?" ಅಂದರು ಮ್ಯಾನೇಜರರು. ಗುಂಪು ನೋಡಿದರು, ಗುಡ್ಡೆ ನೋಡಿದರು. "ಸಿಗದಿದ್ರೆ ಬಿಡಿ. ನಾನೇ ಬಂದು ಮೇಡಂಗೆ ಹೇಳ್ತೀನಿ, ಇದೂ ಕಳೆದಿದೆ ಅಂತ."

ಕಡತರಾಯ ಮೆಟ್ಟಿಲ ಕಡೆ ನಡೆದ. ಅಂಗಿಯೊಳಗೆ ರಟ್ಟು ನಿಂತಿದ್ದರಿಂದ ಬಗ್ಗಲಾರದೆ, ಬೆನ್ನಿಗೆ ಕೋಲು ಕಟ್ಟಿದವನ ಹಾಗೆ ನೆಟ್ಟಗೆ ಹತ್ತತೊಡಗಿದ. ಹಿಂದೆ ಮ್ಯಾನೇಜರರು.

"ಯಾಕ್ರೀ ಹಾಗೆ ನಡೀತೀರಿ? ಎದೆನೋವಾ?"

"ಹೌದು ಸರ್. ಮೂರು ವಾರದಿಂದ."

ಮೇಡಂ ಕೋಣೆಯಲ್ಲಿ ಗಡಿಯಾರ ಐದಕ್ಕೆ ಮೂರು ನಿಮಿಷ ತೋರಿಸುತ್ತಿತ್ತು. ಕಡತರಾಯ ಅಂಗಿಯ ಎರಡು ಗುಂಡಿ ಬಿಚ್ಚಿ ಕಡತ ಹೊರತೆಗೆದು ಮೇಜಿನ ಮೇಲಿಟ್ಟ. ಮೇಡಂ ಆ ಬಗ್ಗೆ ಏನೂ ಕೇಳಲಿಲ್ಲ. ಮಾತು ಖರ್ಚು ಮಾಡುವ ಹೆಂಗಸಲ್ಲ ಅವರು. ರಟ್ಟಿನ ಒಳಮೈಯಲ್ಲಿದ್ದ ಪ್ರಮಾಣ ನೋಡಿದರು, ಅಂಕಿ ನೋಡಿದರು, ಒಂದರಿಂದ ಓದಿದರು. ಐದು ಹೊಡೆಯಿತು. ಅವರು ಏಳಲಿಲ್ಲ. ಹದಿನೈದಕ್ಕೆ ಬಂದರು. ಓದಿದರು. ಮಗುಚಿದರು. ಮತ್ತೆ ಈ ಕಡೆ ಮಗುಚಿದರು. ಮತ್ತೆ ಆ ಕಡೆ.

"ಮ್ಯಾನೇಜರ್ ಅವರೇ, ಈ ಕಡೆ ಬನ್ನಿ. ಇದು ಯಾರ ಅಕ್ಷರ?"

"ನನ್ನದೇ ಮೇಡಂ."

"ಇದರ ಹಿಂದೆ ಇರೋದು ಏನು?"

ಮ್ಯಾನೇಜರರು ಬಗ್ಗಿ ನೋಡಿದರು. ಬಗ್ಗಿದವರು ಬಹಳ ಹೊತ್ತು ನೆಟ್ಟಗಾಗಲಿಲ್ಲ. "ಕಾಗದ ಉಳಿಸೋಣ ಅಂತ..." ಅಂದರು ಕೊನೆಗೆ.

ಮೇಡಂ ಕೆಂಪು ಪೆನ್ನು ತೆಗೆದು ಹದಿನಾಲ್ಕನೆಯ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. "ಶಿಕ್ಷೆ ರದ್ದು," ಅಂದರು.

ಕಡತರಾಯನಿಗೆ ಕೋಣೆಯ ಗೋಡೆಗಳೆಲ್ಲ ಎರಡು ಅಡಿ ಹಿಂದೆ ಸರಿದ ಹಾಗೆ ಕಂಡಿತು. ಕೈಮುಗಿದು ಹಿಂದೆ ಹಿಂದೆ ನಡೆದು ಬಾಗಿಲ ಹಿಡಿ ಹುಡುಕತೊಡಗಿದ.

"ನಿಲ್ಲಿ," ಅಂದರು ಮೇಡಂ. "ನಾನು ಚೀಟಿ ಕಳಿಸಿದ್ದು ಹತ್ತಕ್ಕೆ. ಕಡತ ಬಂದದ್ದು ಇವತ್ತೇ. ಪುಟಕ್ಕೆ ಅಂಕಿ ಇದೆ, ಪ್ರಮಾಣ ಇದೆ, ನಿಮ್ಮ ವಿರುದ್ಧ ಇರೋ ಒಂದು ಕಾಗದ ಕೂಡ ಕಾಣೆಯಾಗಿಲ್ಲ. ನನ್ನ ಸರ್ವೀಸಿನಲ್ಲಿ ನಾನು ತರಿಸಿದ ಕಡತಗಳಲ್ಲಿ ಹೇಳಿದ ದಿನವೇ ಬಂದದ್ದು ಇದೊಂದೇ."

"ನನ್ನ ಕರ್ತವ್ಯ ಮೇಡಂ," ಅಂದ ಕಡತರಾಯ. ಆ ಹೊತ್ತಿನಲ್ಲಿ ಅವನಿಗೂ ಅದು ನಿಜ ಅನ್ನಿಸಿತು.

"ಇಂಥ ಮನುಷ್ಯನನ್ನ ಇಲ್ಲಿಟ್ಟು ಕೊಳೆಸೋದು ಪಾಪ. ಹಳೇ ಉಗ್ರಾಣದ ಕಚೇರಿಯಲ್ಲಿ ಒಂದು ಕಾಗದ ಸರಿಯಾದ ಜಾಗದಲ್ಲಿಲ್ಲ. ಆರು ತಿಂಗಳಿಗೊಬ್ಬರು ಓಡಿಹೋಗ್ತಾರೆ. ಅದನ್ನ ನೆಟ್ಟಗೆ ಮಾಡೋಕೆ ಒಬ್ಬ ಯೋಗ್ಯ ಸಿಗಲಿ ಅಂತ ಎರಡು ವರ್ಷದಿಂದ ಹುಡುಕ್ತಿದ್ದೆ." ಅವರು ಬರೆಯುತ್ತಲೇ ಹೇಳುತ್ತಿದ್ದರು. "ಮುಖ್ಯ ದಾಖಲೆಪಾಲಕರು. ಸೋಮವಾರ ಹಾಜರಾಗಿ."

"ಮೇಡಂ! ಅಲ್ಲಿಗೆ ಹೋಗಬಾರದು ಅಂತಲೇ ನಾನು..."

"ಅದು ಶಿಕ್ಷೆ. ಅದನ್ನ ರದ್ದು ಮಾಡಿದೆನಲ್ಲ?" ಮೇಡಂ ಮೊದಲ ಸಲ ನಕ್ಕರು. "ಇದು ಬಡ್ತಿ."

"ಸರಿಯಾದ ಆಯ್ಕೆ ಮೇಡಂ," ಅಂದರು ಮ್ಯಾನೇಜರರು, ಈಗ ಪೂರ್ತಿ ನೆಟ್ಟಗಾಗಿ.

ಆಜ್ಞೆಯ ಪ್ರತಿ ಹಿಡಿದು ಕಡತರಾಯ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ತಾತ ಮೇಜು ಮಡಚುತ್ತಿದ್ದರು.

"ತಾತ, ಪೆನ್ನು ತೆಗೀರಿ! ಇನ್ನೊಂದು ಸರ್ಷಿಯೋರರಿ ಹಾಕಿ! ಮೇಡಂಗಿಂತ ಮೇಲಿರೋರಿಗೆ!"

ತಾತ ಪೆನ್ನು ತೆಗೆದು, ಆಜ್ಞೆ ಓದಿ, ಪೆನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು.

"ಏನಂತ ಬರೀಲಿ? ನಿನಗೆ ಅನ್ಯಾಯ ಎಲ್ಲಾಗಿದೆ?"

"ನನ್ನನ್ನ ಯೋಗ್ಯ ಅಂದುಬಿಟ್ಟಿದ್ದಾರೆ ತಾತ!"

"ಅದಕ್ಕೆ ಮೇಲ್ಮನವಿ ಇಲ್ಲ ಕಣಪ್ಪಾ. ಶಿಕ್ಷೆ ಆದೋನು ಮೇಲೆ ಹೋಗ್ತಾನೆ, ಸೋತೋನು ಮೇಲೆ ಹೋಗ್ತಾನೆ. ಹೊಗಳಿಸಿಕೊಂಡೋನು ಮೇಲೆ ಹೋದದ್ದು ನಾನು ಕಂಡಿಲ್ಲ. ಹೋದೆ ಅಂತಲೇ ಇಟ್ಕೋ. ಅವರೂ ಕಡತ ತರಿಸ್ತಾರೆ. ಓದ್ತಾರೆ. ಅದರಲ್ಲೇನಿರುತ್ತೆ? ನೀನೆಷ್ಟು ಒಳ್ಳೆ ಕೆಲಸಗಾರ ಅಂತ. ಅವರು ನಿನ್ನನ್ನ ಇನ್ನೂ ದೂರ ಕಳಿಸ್ತಾರೆ."

ಫೋನು ಬಡಿದುಕೊಂಡಿತು. ಕಡತರಾಯ ಮೆಟ್ಟಿಲ ಮೇಲೆ ಕುಸಿದು ಕೂತು ಕಿವಿಗಿಟ್ಟುಕೊಂಡ.

"ರೀ, ಏನಾಯ್ತು? ಗೆದ್ರಾ?"

"ಗೆದ್ದೆ."

ಆ ಕಡೆ ಅವಳು ಫೋನು ದೂರ ಹಿಡಿದು ಯಾರಿಗೋ "ನಮ್ಮನೆಯವರು ಗೆದ್ರಂತೆ ಕಣ್ರೇ!" ಎಂದು ಕೂಗಿದ್ದು, ಇನ್ನಿಬ್ಬರು ನಕ್ಕದ್ದು, ಎಲ್ಲ ಕೇಳಿಸಿತು. ಮತ್ತೆ ಹತ್ತಿರ ಬಂದಳು. "ಹಾಗಾದ್ರೆ ಸೋಮವಾರ ಹೋಗೋ ಹಾಗಿಲ್ಲ ಅಲ್ವಾ?"

"ಹೋಗಬೇಕು."

"ಅಲ್ಲಿಗೇನಾ?"

"ಅಲ್ಲಿಗೇ."

"ಗೆದ್ದೆ ಅಂದ್ರಲ್ರೀ?"

"ಗೆದ್ದೆ ಕಣೇ. ತುಂಬ ಚೆನ್ನಾಗಿ ಗೆದ್ದೆ. ಬಡ್ತಿ ಕೊಟ್ಟು ಕಳಿಸ್ತಿದ್ದಾರೆ."

ಅವಳು ನರ್ಸು, ಎಂಥ ಸುದ್ದಿಯಲ್ಲೂ 'ಹೋಗಲಿ ಬಿಡಿ' ಎನ್ನಲು ಏನಾದರೊಂದು ಹುಡುಕುವವಳು.

"ಹೋಗಲಿ ಬಿಡಿ," ಅಂದಳು. "ಸೋತಿದ್ರೂ ಎರಡು ವರ್ಷ ಅಲ್ಲೇ ಇರಬೇಕಿತ್ತು. ಎರಡು ವರ್ಷ ತಾನೇ? ಹೇಗೋ ಕಳೆದುಹೋಗುತ್ತೆ."

ಕಡತರಾಯ ಆಜ್ಞೆಯ ಪ್ರತಿಯನ್ನು ಬೆಳಕಿಗೆ ಹಿಡಿದು ಕೊನೆಯ ಸಾಲು ಇನ್ನೊಂದು ಸಲ ಓದಿದ. ಹದಿನಾರು ವರ್ಷದ ಅಭ್ಯಾಸ; ಮಗುಚಿ ಹಿಂದೆಯೂ ನೋಡಿದ. ಏನೂ ಇರಲಿಲ್ಲ.

"ಸೋತಿದ್ರೆ ಎರಡು ವರ್ಷ ಕಣೇ," ಅಂದ. "ಇದು ಖಾಯಂ."